ಗಿನಿ ಪಿಗ್‌ಗೆ ಸ್ನಾನ ಬೇಕಾ? ಮಳೆಗಾಲದಲ್ಲಿ ವಾಸನೆ, ಉಗುರು, ಕೂದಲು ಹೇಗೆ ನೋಡಿಕೊಳ್ಳುತ್ತೀರಿ?

ತುಂಗಾತೀರ, ಶಿವಮೊಗ್ಗ

ಎಲ್ಲರಿಗೂ ನಮಸ್ಕಾರ. ನಮ್ಮ ಮನೆಯಲ್ಲಿ ಎರಡು ಗಿನಿ ಪಿಗ್ ಇವೆ, ಎರಡೂ ಗಂಡು. ಒಂದಕ್ಕೆ ನುಣುಪಾದ ಗಿಡ್ಡ ಕೂದಲು, ಇನ್ನೊಂದಕ್ಕೆ ಉದ್ದ ಕೂದಲು, ಅಂಗಡಿಯವರು ಪೆರುವಿಯನ್ ಜಾತಿ ಅಂದಿದ್ದರು. ಮಳೆ ಹಿಡಿದಾಗಿನಿಂದ ಗೂಡಿನ ಹತ್ತಿರ ಹೋದರೆ ಉಚ್ಚೆ ವಾಸನೆ ಮೂಗಿಗೆ ಹೊಡೆಯುತ್ತದೆ. ಉದ್ದ ಕೂದಲಿನವನ ಹಿಂಭಾಗ ಯಾವಾಗಲೂ ಒದ್ದೆ, ಕೂದಲು ಗಂಟುಗಂಟಾಗಿದೆ. ಗಿಡ್ಡ ಕೂದಲಿನವನಿಗೆ ಬೆನ್ನಿನ ತುದಿಯಲ್ಲಿ, ಬಾಲ ಇರಬೇಕಾದ ಜಾಗದಲ್ಲಿ, ಕಪ್ಪಗೆ ಅಂಟಂಟು ಜಿಡ್ಡು ಕೂತಿದೆ. ಅತ್ತೆ ವಾರಕ್ಕೊಂದು ಸಲ ಸ್ನಾನ ಮಾಡಿಸು ಅನ್ನುತ್ತಾರೆ. ಪಕ್ಕದ ಮನೆಯವರು ನಾಯಿಗೆ ಹಾಕುವ ಶಾಂಪೂ ಕೊಟ್ಟಿದ್ದಾರೆ, ಇನ್ನೂ ಬಾಟಲಿ ತೆರೆದಿಲ್ಲ. ಉಗುರೂ ಬೆಳೆದು ಬಾಗುತ್ತಿವೆ, ಒಬ್ಬನದು ಪೂರ್ತಿ ಕಪ್ಪು ಉಗುರು, ಎಲ್ಲಿವರೆಗೆ ಕತ್ತರಿಸಬೇಕು ಅಂತ ತಿಳಿಯುತ್ತಿಲ್ಲ. ಸಾಕಿದವರು ದಯವಿಟ್ಟು ಹೇಳಿ.

ಬೆಣ್ಣೆದೋಸೆ, ದಾವಣಗೆರೆ

ಅಕ್ಕ, ಆ ಬಾಟಲಿ ವಾಪಸ್ ಕೊಟ್ಟುಬಿಡಿ. ನಾಯಿ ಶಾಂಪೂಗಳಲ್ಲಿ ಕೆಲವಕ್ಕೆ ಚಿಗಟದ ಔಷಧಿ ಸೇರಿಸಿರುತ್ತಾರೆ. ಇವು ಮೈಯನ್ನು ನೆಕ್ಕಿಕೊಳ್ಳುವ ಪ್ರಾಣಿ, ಹಚ್ಚಿದ್ದೆಲ್ಲ ಹೊಟ್ಟೆಗೇ ಹೋಗುತ್ತದೆ.

ಕಡಲ ಕರೆ, ಮಂಗಳೂರು

ನಾನು ತಿಂಗಳಿಗೊಮ್ಮೆ ಸ್ನಾನ ಮಾಡಿಸುತ್ತೇನೆ, ಇಲ್ಲಿಯವರೆಗೆ ಏನೂ ತೊಂದರೆ ಬಂದಿಲ್ಲ. ಉಗುರು ಬೆಚ್ಚಗಿನ ನೀರು, ಮಗುವಿನ ಶಾಂಪೂ, ಆಮೇಲೆ ಹೇರ್ ಡ್ರೈಯರ್. ಕರಾವಳಿಯ ಸೆಕೆಗೆ ಸ್ನಾನ ಇಲ್ಲದೆ ಹೇಗೆ? ವಾಸನೆ ಹೋಗಬೇಕಾದರೆ ತೊಳೆಯಲೇಬೇಕಲ್ವಾ?

ಗರಿಕೆ, ಮೈಸೂರು

ವಾಸನೆ ಬರುವುದು ಪ್ರಾಣಿಯ ಮೈಯಿಂದಲ್ಲ, ನೆಲದಿಂದ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಸ್ನಾನದ ವಿಚಾರದಲ್ಲಿ ಎಲ್ಲರೂ ತಪ್ಪು ಜಾಗವನ್ನು ತೊಳೆಯಲು ಹೊರಡುತ್ತೇವೆ. ಗಿನಿ ಪಿಗ್ ದಿನವಿಡೀ ತನ್ನ ಮೈಯನ್ನು ತಾನೇ ಶುಚಿ ಮಾಡಿಕೊಳ್ಳುತ್ತಿರುತ್ತದೆ. ಒಂದು ಸಲ ಸುಮ್ನೆ ಪಕ್ಕದಲ್ಲಿ ಕೂತು ನೋಡಿ. ಕಣ್ಣಿನ ಮೂಲೆಯಲ್ಲಿ ಹಾಲಿನಂಥ ಬಿಳಿ ದ್ರವ ಬರುತ್ತದೆ, ತಕ್ಷಣ ಮುಂದಿನ ಎರಡು ಪಾದಗಳನ್ನು ಎತ್ತಿ ಅದನ್ನು ಮುಖಕ್ಕೆಲ್ಲ ಉಜ್ಜಿಕೊಳ್ಳುತ್ತದೆ, ಕಿವಿಯ ಹಿಂದಿನಿಂದ ಮೂಗಿನವರೆಗೆ. ಹೊಸದಾಗಿ ಸಾಕುವವರು ಇದನ್ನು ನೋಡಿ ಕಣ್ಣಿಗೆ ಸೋಂಕು ಅಂತ ಹೆದರುತ್ತಾರೆ. ಅದು ಸೋಂಕಲ್ಲ, ಅದು ಮುಖ ತೊಳೆದುಕೊಳ್ಳುವ ರೀತಿ. ಎರಡು ಕ್ಷಣದಲ್ಲಿ ಮುಗಿದು ಕಣ್ಣು ತಿಳಿಯಾಗಬೇಕು. ದ್ರವ ಅಲ್ಲೇ ನಿಂತರೆ, ಹಳದಿಯಾದರೆ, ರೆಪ್ಪೆ ಅಂಟಿಕೊಂಡರೆ ಮಾತ್ರ ಡಾಕ್ಟರ ಹತ್ತಿರ ಓಡಬೇಕು.

ಸ್ನಾನ ಮಾಡಿಸಿದಷ್ಟೂ ಚರ್ಮದ ಎಣ್ಣೆ ಹೋಗುತ್ತದೆ, ಚರ್ಮ ಒಣಗಿ ಹೊಟ್ಟು ಏಳುತ್ತದೆ, ತುರಿಕೆ ಶುರು. ಮೈ ಪೂರ್ತಿ ಒಣಗದೆ ಉಳಿದರೆ ಶೀತ ಹಿಡಿದು ನ್ಯುಮೋನಿಯಾಕ್ಕೆ ತಿರುಗಬಹುದು. ಮಳೆಗಾಲದ ಮಲೆನಾಡಿನಲ್ಲಂತೂ ನಮ್ಮ ಬಟ್ಟೆಯೇ ಒಣಗುವುದಿಲ್ಲ, ಒತ್ತಾದ ಕೂದಲಿನ ಪುಟ್ಟ ಪ್ರಾಣಿ ಹೇಗೆ ಒಣಗೀತು? ಇನ್ನೊಂದು ಮಾತು, ನಿಮ್ಮವು ಎರಡೂ ಗಂಡು. ಇವು ಒಂದನ್ನೊಂದು ಗುರುತು ಹಿಡಿಯುವುದೇ ವಾಸನೆಯಿಂದ. ಒಂದಕ್ಕೆ ಮಾತ್ರ ಶಾಂಪೂ ಹಾಕಿ ಗೂಡಿಗೆ ಬಿಟ್ಟರೆ ಇನ್ನೊಂದಕ್ಕೆ ಅದು ಯಾರೋ ಹೊಸಬ ಅನ್ನಿಸಿ ಹಲ್ಲು ಕಡಿಯುತ್ತಾ ಜಗಳಕ್ಕೆ ನಿಲ್ಲುವುದುಂಟು. ಮೈಗೆ ಹೇಲು ಮೆತ್ತಿಕೊಂಡಿದೆ, ಅಥವಾ ಡಾಕ್ಟರು ಔಷಧಿ ಶಾಂಪೂ ಬರೆದುಕೊಟ್ಟಿದ್ದಾರೆ, ಅಂಥ ಸಮಯಕ್ಕೆ ಸ್ನಾನ ಇರಲಿ. ಉಳಿದಂತೆ ಬೇಡ.

ಈಗ ನೆಲಕ್ಕೆ ಬನ್ನಿ. ಗೂಡಿನಲ್ಲಿ ಏನು ಹಾಸಿದ್ದೀರಿ ಅಂತ ನೀವು ಬರೆದಿಲ್ಲ. ಸಾಮಿಲ್‌ನಿಂದ ತಂದ ಮರದ ಪುಡಿಯಾಗಿದ್ದರೆ ಇವತ್ತೇ ತೆಗೆಯಿರಿ. ಅದರ ಸಣ್ಣ ಧೂಳು ಮೂಗು, ಶ್ವಾಸಕೋಶಕ್ಕೆ ಹೋಗುತ್ತದೆ. ದೇವದಾರು, ಪೈನ್ ಥರದ ಘಾಟು ಮರದ ಪುಡಿ ಇನ್ನೂ ಕೆಟ್ಟದ್ದು. ಭತ್ತದ ಹೊಟ್ಟು ಅಗ್ಗ ನಿಜ, ಆದರೆ ತುದಿ ಚೂಪು, ಕಣ್ಣಿಗೆ ಚುಚ್ಚುತ್ತದೆ. ಬರೀ ನ್ಯೂಸ್‌ಪೇಪರ್ ಹಾಸಿದರೆ ಒದ್ದೆ ಮೇಲೇ ನಿಂತಿರುತ್ತದೆ, ಪ್ರಾಣಿ ಅದರ ಮೇಲೇ ಮಲಗುತ್ತದೆ. ನಾನು ಮಾಡುವುದು ಇಷ್ಟು. ಕೆಳಗೆ ನ್ಯೂಸ್‌ಪೇಪರ್ ನಾಲ್ಕೈದು ಪದರ, ಅದರ ಮೇಲೆ ಹಳೆ ಟರ್ಕಿ ಟವೆಲ್, ಎಲ್ಲಕ್ಕಿಂತ ಮೇಲೆ ಫ್ಲೀಸ್ ಬಟ್ಟೆ. ಫ್ಲೀಸ್ ಉಚ್ಚೆಯನ್ನು ಕೆಳಗೆ ಬಿಟ್ಟುಕೊಟ್ಟು ತಾನು ಒಣಗಿರುತ್ತದೆ, ಅದಕ್ಕೇ ಅದು ಬೇಕು. ಹೊಸ ಫ್ಲೀಸ್ ಮೊದಮೊದಲು ನೀರನ್ನು ಮೇಲೇ ಹಿಡಿದುಕೊಳ್ಳುತ್ತದೆ, ನಾಲ್ಕು ಸಲ ಬಿಸಿನೀರಿನಲ್ಲಿ ಒಗೆದ ಮೇಲೆ ಸರಿಹೋಗುತ್ತದೆ. ಕಂಫರ್ಟ್ ಥರದ ಬಟ್ಟೆ ಮೆದು ಮಾಡುವ ದ್ರವ ಹಾಕಬೇಡಿ, ಹಾಕಿದರೆ ಮತ್ತೆ ನೀರು ಇಳಿಯುವುದಿಲ್ಲ.

ಬೆಳಗ್ಗೆ ಸಂಜೆ ಹಿಕ್ಕೆ ಗುಡಿಸಿ ತೆಗೆಯಿರಿ. ಮೂಲೆಯಲ್ಲಿ ಹುಲ್ಲು ಇಡುವ ಜಾಗದಲ್ಲೇ ಅವು ಜಾಸ್ತಿ ಉಚ್ಚೆ ಹೊಯ್ಯುವುದು, ಅಲ್ಲಿ ಬೇರೆ ತುಂಡು ಬಟ್ಟೆ ಹಾಸಿ ದಿನಾ ಬದಲಾಯಿಸಿ. ಪೂರ್ತಿ ಹಾಸು ಮೂರು ನಾಲ್ಕು ದಿನಕ್ಕೊಮ್ಮೆ ಬದಲಾಗಲಿ. ನೆಲಕ್ಕೆ ಫಿನಾಯಿಲ್ ಬೇಡ. ಬಿಳಿ ವಿನಿಗರ್‌ಗೆ ಅಷ್ಟೇ ನೀರು ಸೇರಿಸಿ ಒರೆಸಿ, ಉಚ್ಚೆ ಒಣಗಿ ಕಟ್ಟಿದ ಸುಣ್ಣದಂಥ ಬಿಳಿ ಪದರವೂ ಬಿಡುತ್ತದೆ. ಒರೆಸಿ ಒಣಗಿ, ವಿನಿಗರ್ ಘಾಟು ಹೋದ ಮೇಲೆ ಅವನ್ನು ಒಳಗೆ ಬಿಡಿ. ನಿಮ್ಮ ಮೂಗಿಗೆ ಉಚ್ಚೆ ವಾಸನೆ ಹೊಡೆಯುತ್ತಿದೆ ಅಂದರೆ ನೆಲದಿಂದ ಎರಡು ಇಂಚು ಮೇಲಿರುವ ಅವುಗಳ ಮೂಗಿಗೆ ಅಮೋನಿಯ ಎಷ್ಟು ಹೊಡೆಯಬೇಕು ಯೋಚಿಸಿ. ಅದೇ ಶ್ವಾಸದ ಕಾಯಿಲೆಗೆ ದಾರಿ.

ಗೂಡಿನ ಅಳತೆಯನ್ನೂ ನೋಡಿ. ಎರಡಕ್ಕೆ ಕನಿಷ್ಠ 7.5 ಚದರ ಅಡಿ ಬೇಕು, ಎರಡೂ ಗಂಡಾದರೆ ಹತ್ತರ ಹತ್ತಿರ ಇದ್ದರೆ ಒಳ್ಳೆಯದು. ಅಂಗಡಿಯಲ್ಲಿ ಮಾರುವ ಮೊಲದ ಪಂಜರ ಅದರ ಅರ್ಧವೂ ಇರುವುದಿಲ್ಲ, ಆಮೇಲೆ ಎಷ್ಟು ತೊಳೆದರೂ ಒದ್ದೆ ತಪ್ಪುವುದಿಲ್ಲ. ತಂತಿ ಬಲೆಯ ನೆಲವಂತೂ ಬೇಡವೇ ಬೇಡ. ಅಂಗಾಲು ಕೆಂಪಾಗಿ, ಊದಿ, ಹುಣ್ಣಾಗುತ್ತದೆ, ವಾಸಿಯಾಗಲು ತಿಂಗಳುಗಟ್ಟಲೆ ಹಿಡಿಯುತ್ತದೆ.

ಕಡಲ ಕರೆ, ಮಂಗಳೂರು

ಗರಿಕೆ ಅವರೇ, ಹೊಟ್ಟು ಏಳುವುದು ಅಂದಿರಲ್ಲ, ನಮ್ಮದಕ್ಕೆ ಕಿವಿ ಹಿಂದೆ ಬಿಳಿ ಪುಡಿ ಇದೆ. ನಾನು ಅದನ್ನು ಹವೆಯಿಂದ ಅಂದುಕೊಂಡಿದ್ದೆ. ಅದು ಸ್ನಾನದಿಂದಲೇ ಅಂತ ಹೇಗೆ ಗೊತ್ತು?

ಗರಿಕೆ, ಮೈಸೂರು

ಸ್ನಾನದಿಂದಲೇ ಅಂತ ನಾನು ಹೇಳಲಾರೆ. ಹುಳುಕಡ್ಡಿಯೂ ಹಾಗೇ ಪುಡಿ ಉದುರಿಸುತ್ತದೆ, ಸಾಮಾನ್ಯವಾಗಿ ಮೂಗು, ಕಣ್ಣಿನ ಸುತ್ತ, ಕಿವಿಯಿಂದ ಶುರುವಾಗಿ ಕೂದಲು ಉದುರಿ ಬೋಳಾಗುತ್ತದೆ. ಅದು ಮನುಷ್ಯರಿಗೂ ಅಂಟುತ್ತದೆ. ಮನೆಯಲ್ಲಿ ಮಕ್ಕಳ ಕೈ ಕುತ್ತಿಗೆ ಮೇಲೆ ಉಂಗುರದಂಥ ಕೆಂಪು ಗುರುತು ಬಂದಿದೆಯಾ ನೋಡಿ. ಸ್ನಾನ ನಿಲ್ಲಿಸಿ ಡಾಕ್ಟರಿಗೆ ತೋರಿಸಿ, ಕೂದಲು ತೆಗೆದು ಪರೀಕ್ಷೆ ಮಾಡುತ್ತಾರೆ. ಅಲ್ಲಿಯವರೆಗೆ ಮುಟ್ಟಿದ ಮೇಲೆ ಎಲ್ಲರೂ ಸೋಪು ಹಾಕಿ ಕೈ ತೊಳೆಯಿರಿ.

ಕೈಮದ್ದು ಬೇಡ, ಬೆಂಗಳೂರು

ನಾನು ಪ್ರಾಣಿಗಳ ಕ್ಲಿನಿಕ್ ಒಂದರಲ್ಲಿ ಸಹಾಯಕಿ. ಡಾಕ್ಟರಲ್ಲ, ಆದರೆ ಉಗುರು ಕತ್ತರಿಸುವುದು ನನ್ನ ದಿನದ ಕೆಲಸ, ಅದನ್ನು ಹೇಳುತ್ತೇನೆ.

ಮುಂದಿನ ಪಾದದಲ್ಲಿ ನಾಲ್ಕು ಬೆರಳು, ಹಿಂದಿನದರಲ್ಲಿ ಮೂರು, ಒಟ್ಟು 14 ಉಗುರು. ಮೂರು ನಾಲ್ಕು ವಾರಕ್ಕೊಮ್ಮೆ ತುದಿ ಕತ್ತರಿಸಿದರೆ ಸಾಕು. ಬಿಟ್ಟರೆ ಸುರುಳಿ ಸುತ್ತಿ ಅಂಗಾಲಿಗೇ ಚುಚ್ಚುತ್ತದೆ, ನಡಿಗೆ ಸೊಟ್ಟಗಾಗುತ್ತದೆ. ಬಿಳಿ ಉಗುರಿನಲ್ಲಿ ಒಳಗಿನ ರಕ್ತನಾಳ ಗುಲಾಬಿ ಬಣ್ಣದಲ್ಲಿ ಕಾಣುತ್ತದೆ, ಅದರಿಂದ ಎರಡು ಮಿಲಿಮೀಟರ್ ಬಿಟ್ಟು ಕತ್ತರಿಸಿ. ಕಪ್ಪು ಉಗುರಿಗೆ ಮೊಬೈಲ್ ಟಾರ್ಚ್ ಹಚ್ಚಿ ಉಗುರಿನ ಹಿಂದೆ ಹಿಡಿಯಿರಿ. ಬೆಳಕು ದಾಟಿ ಬರುವ ತುದಿ ಬರೀ ಉಗುರು, ಮಬ್ಬಾಗಿ ದಪ್ಪ ಕಾಣುವಲ್ಲಿಂದ ರಕ್ತನಾಳ. ಆಗಲೂ ಗೊತ್ತಾಗದಿದ್ದರೆ ಕೊಕ್ಕೆಯಂತೆ ಬಾಗಿದ ತುದಿಯಷ್ಟೇ ತೆಗೆಯಿರಿ, ಹದಿನೈದು ದಿನ ಬಿಟ್ಟು ಇನ್ನೊಂದಿಷ್ಟು. ಹೀಗೆ ಸ್ವಲ್ಪ ಸ್ವಲ್ಪ ತೆಗೆದರೆ ರಕ್ತನಾಳವೂ ನಿಧಾನಕ್ಕೆ ಹಿಂದೆ ಸರಿಯುತ್ತದೆ.

ಹಿಡಿಯುವುದು ಹೀಗೆ. ನೀವು ಕುರ್ಚಿ ಮೇಲೆ ಕೂತು ಮಡಿಲಲ್ಲಿ ಟವೆಲ್ ಹಾಸಿ. ಪ್ರಾಣಿಯ ಬೆನ್ನು ನಿಮ್ಮ ಹೊಟ್ಟೆಗೆ ಆನಿಸಿರಲಿ. ಒಂದು ಕೈ ಎದೆಯ ಕೆಳಗೆ, ಹಿಂಭಾಗಕ್ಕೆ ಆಸರೆ ಇರಲೇಬೇಕು, ಕಾಲು ಗಾಳಿಯಲ್ಲಿ ತೂಗಿದರೆ ಹೆದರಿ ಒದ್ದಾಡುತ್ತದೆ. ಇನ್ನೊಬ್ಬರು ಮುಂದೆ ಕೂತು ಕೊತ್ತಂಬರಿ ಕಡ್ಡಿಯನ್ನೋ ದೊಣ್ಣೆ ಮೆಣಸಿನಕಾಯಿ ತುಂಡನ್ನೋ ತಿನ್ನಿಸುತ್ತಿರಲಿ. ಅದು ಅಗಿಯುತ್ತಿರುವಾಗಲೇ ಒಂದೊಂದು ಉಗುರು. ಒಂದೇ ಸಲಕ್ಕೆ ಎಲ್ಲ ಮುಗಿಸಬೇಕು ಅಂತೇನಿಲ್ಲ, ಇವತ್ತು ಒಂದು ಪಾದ, ನಾಳೆ ಇನ್ನೊಂದು. ರಕ್ತ ಬಂದರೆ ಗಾಬರಿ ಬೇಡ, ಕಾರ್ನ್‌ಫ್ಲೋರ್ ಒಂದು ಚಿಟಿಕೆ ಒತ್ತಿ ಹಿಡಿಯಿರಿ, ನಿಲ್ಲುತ್ತದೆ. ನಿಲ್ಲುವವರೆಗೆ ಗೂಡಿಗೆ ಬಿಡಬೇಡಿ.

ಮುಂದಿನ ಅಂಗಾಲಿನ ಪಕ್ಕದಲ್ಲಿ ಗಟ್ಟಿ ಚರ್ಮದ ಮುಳ್ಳಿನಂಥದ್ದು ಬೆಳೆದಿರುತ್ತದೆ ಕೆಲವಕ್ಕೆ. ಅದನ್ನು ಉಗುರು ಅಂದುಕೊಂಡು ಬುಡಕ್ಕೆ ಕತ್ತರಿಸಬೇಡಿ.

ತುಂಗಾತೀರ, ಶಿವಮೊಗ್ಗ

ತುಂಬ ಉಪಕಾರ. ಹಾಸಿರುವುದು ಮರದ ಪುಡಿಯೇ, ಅಂಗಡಿಯವರು ಅದನ್ನೇ ಕೊಟ್ಟಿದ್ದರು. ನಾಳೆ ಬದಲಾಯಿಸುತ್ತೇನೆ. ಬೆನ್ನ ತುದಿಯ ಜಿಡ್ಡಿಗೆ ಏನು ಮಾಡಲಿ? ಮತ್ತೆ ಉದ್ದ ಕೂದಲಿನವನಿಗೆ?

ಕೈಮದ್ದು ಬೇಡ, ಬೆಂಗಳೂರು

ಅಲ್ಲೊಂದು ಗ್ರಂಥಿ ಇದೆ, ಗಂಡುಗಳಲ್ಲಿ ಜಾಸ್ತಿ ಕೆಲಸ ಮಾಡುತ್ತದೆ. ತಮ್ಮ ಜಾಗಕ್ಕೆ ಗುರುತು ಹಾಕಲು ಕುಂಡೆಯನ್ನು ನೆಲಕ್ಕೆ ಉಜ್ಜಿಕೊಂಡು ಹೋಗುತ್ತವಲ್ಲ, ಅದು ಇದರಿಂದಲೇ. ಜಿಡ್ಡು ಕಟ್ಟಿಕೊಂಡರೆ ಕೊಬ್ಬರಿ ಎಣ್ಣೆ ಎರಡು ಹನಿ ಹಚ್ಚಿ ಐದು ನಿಮಿಷ ಬಿಡಿ. ಆಮೇಲೆ ಹತ್ತಿಯಿಂದ ಕೂದಲು ಬೆಳೆದ ದಿಕ್ಕಿಗೆ ಒರೆಸಿ. ಉಗುರಿನಿಂದ ಕೀಳಬೇಡಿ, ಕೆಳಗಿನ ಚರ್ಮ ನಾಜೂಕು. ಉಳಿದ ಎಣ್ಣೆಯನ್ನು ಬೆಚ್ಚಗಿನ ನೀರಲ್ಲಿ ಅದ್ದಿ ಹಿಂಡಿದ ಬಟ್ಟೆಯಿಂದ ಒರೆಸಿ ಒಣಗಿಸಿ. ತಿಂಗಳಿಗೊಮ್ಮೆ ಸಾಕು.

ಗಂಡುಗಳಿಗೆ ಇನ್ನೊಂದು ಜಾಗ ನೋಡಲೇಬೇಕು, ಇದನ್ನು ಹೇಳುವವರು ಕಡಿಮೆ. ಗುದದ ಸುತ್ತಲಿನ ಚೀಲದಂಥ ಮಡಿಕೆಯಲ್ಲಿ ಹುಲ್ಲು, ಕೂದಲು, ಹಿಕ್ಕೆ ಸೇರಿಕೊಳ್ಳುತ್ತದೆ. ವಯಸ್ಸಾದ ಗಂಡುಗಳಲ್ಲಿ ಅಲ್ಲಿನ ಸ್ನಾಯು ಸಡಿಲವಾಗಿ ಮೆತ್ತನೆ ಹಿಕ್ಕೆ ಉಂಡೆಯಾಗಿ ಸಿಕ್ಕಿಬೀಳುತ್ತದೆ. ಇವು ಆ ಮೆತ್ತನೆ ಹಿಕ್ಕೆಯನ್ನು ತಿರುಗಿ ತಿನ್ನಬೇಕು, ಅದರಿಂದಲೇ ಬಿ ವಿಟಮಿನ್ ಸಿಗುವುದು. ಸಿಕ್ಕಿಬಿದ್ದರೆ ವಾಸನೆಯೂ ಕೆಟ್ಟದಾಗಿ ಬರುತ್ತದೆ, ಪ್ರಾಣಿಯೂ ಸೊರಗುತ್ತದೆ. ಅಂಥವಕ್ಕೆ ಕೊಬ್ಬರಿ ಎಣ್ಣೆ ಸವರಿ ಮೆತ್ತಗೆ ಮಾಡಿ ಹೊರಗೆ ತೆಗೆಯಬೇಕು, ಕೆಲವಕ್ಕೆ ದಿನಾ ಬೇಕಾಗುತ್ತದೆ. ಮೊದಲ ಸಲ ಡಾಕ್ಟರ ಕೈಲಿ ಮಾಡಿಸಿ ನೋಡಿ ಕಲಿಯಿರಿ.

ಉಣ್ಣೆಚೆಂಡು, ಹುಬ್ಬಳ್ಳಿ

ಉದ್ದ ಕೂದಲಿನವರ ಬಗ್ಗೆ ನಾನು ಹೇಳುತ್ತೇನೆ, ನನ್ನ ಹತ್ತಿರ ಇರುವುದೆಲ್ಲ ಅಂಥವೇ. ಪೆರುವಿಯನ್ ಅಂದರೆ ದಿನಾ ಬಾಚಬೇಕು, ಬೇರೆ ದಾರಿ ಇಲ್ಲ. ಹಿಂಭಾಗದ ಕೂದಲನ್ನು ನೆಲಕ್ಕೆ ತಾಕದಷ್ಟು ಕತ್ತರಿಸಿಬಿಡಿ, ನೋಡಲು ಚೆಂದ ಅಂತ ಬಿಟ್ಟರೆ ಅದು ಉಚ್ಚೆ ಹೀರುವ ಬತ್ತಿ ಆಗುತ್ತದೆ. ತುದಿ ಮೊಂಡಾದ ಸಣ್ಣ ಕತ್ತರಿ ತೆಗೆದುಕೊಳ್ಳಿ. ಗಂಟನ್ನು ಎಳೆದು ಹಿಡಿದು ಕತ್ತರಿಸಬಾರದು, ಎಳೆದಾಗ ಗಂಟಿನ ಜೊತೆ ಚರ್ಮವೂ ಮೇಲೆದ್ದು ಬರುತ್ತದೆ, ಕತ್ತರಿಗೆ ಸಿಗುತ್ತದೆ. ಗಂಟಿನ ಬುಡದಲ್ಲಿ ನಿಮ್ಮ ಎರಡು ಬೆರಳು ಇಟ್ಟು, ಬೆರಳಿನ ಮೇಲ್ಗಡೆಯಿಂದ ಕತ್ತರಿಸಿ. ಬಾಚುವುದು ತುದಿಯಿಂದ ಶುರು ಮಾಡಿ ಬುಡದ ಕಡೆಗೆ. ಮನೆಯಲ್ಲಿ ನಾಯಿ ಇದ್ದರೆ ಅದರ ಬ್ರಷ್ ಇದಕ್ಕೆ ಬೇಡ. ನಾಯಿ, ಮೊಲಗಳ ಮೂಗಿನಲ್ಲಿ ಇರುವ ಬೋರ್ಡಟೆಲ್ಲ ಅನ್ನುವ ಬ್ಯಾಕ್ಟೀರಿಯ ಅವಕ್ಕೇನೂ ಮಾಡದೆ ಇರಬಹುದು, ಗಿನಿ ಪಿಗ್‌ಗೆ ನ್ಯುಮೋನಿಯ ತರುತ್ತದೆ.

ಗಿಡ್ಡ ಕೂದಲಿನವಕ್ಕೆ ವಾರಕ್ಕೊಮ್ಮೆ ಕೈಯಾಡಿಸಿದರೂ ಸಾಕು.

ಮಳೆಗಾಲಕ್ಕೆ ಒಂದು ಎಚ್ಚರಿಕೆ. ಒದ್ದೆ ಹಿಂಭಾಗಕ್ಕೆ ನೊಣ ಮೊಟ್ಟೆ ಇಡುತ್ತದೆ, ಒಂದು ದಿನದೊಳಗೆ ಮರಿಹುಳ ಬಂದು ಮಾಂಸ ತಿನ್ನಲು ಶುರು ಮಾಡುತ್ತದೆ. ಹುಳ ಬಿದ್ದದ್ದು ಕಂಡರೆ ಬೆಳಗಾಗುವವರೆಗೆ ಕಾಯುವ ಮಾತೇ ಇಲ್ಲ, ಆಗಲೇ ಆಸ್ಪತ್ರೆ. ಗೂಡಿಗೆ ಸೊಳ್ಳೆ ಪರದೆ ಹಾಕಿ, ದಿನಕ್ಕೆ ಎರಡು ಸಲ ಹಿಂಭಾಗ ಎತ್ತಿ ನೋಡಿ.

ಕೂದಲು ಕತ್ತರಿಸಿ, ನೆಲ ಒಣಗಿಸಿದ ಮೇಲೂ ಅವನು ಒದ್ದೆಯಾಗೇ ಇದ್ದರೆ ಅದು ಶುಚಿಯ ಸಮಸ್ಯೆ ಅಲ್ಲ. ಉಚ್ಚೆ ಮಾಡುವಾಗ ಕೀರಲು ದನಿ ಬರುತ್ತಿದೆಯಾ, ರಕ್ತ ಇದೆಯಾ ಗಮನಿಸಿ. ಮೂತ್ರಕೋಶದಲ್ಲಿ ಕಲ್ಲು ಇವಕ್ಕೆ ಸಾಮಾನ್ಯ. ಕುದುರೆ ಮಸಾಲೆ ಸೊಪ್ಪನ್ನು (ಲೂಸರ್ನ್ ಮೇವು) ದೊಡ್ಡವಕ್ಕೆ ದಿನಾ ಹಾಕಬೇಡಿ, ಅದರಲ್ಲಿ ಸುಣ್ಣದಂಶ ಜಾಸ್ತಿ.

ಬಿಸಿಲೂರು, ಕಲಬುರಗಿ

ನಮ್ಮ ಕಡೆ ಮಳೆಗಿಂತ ಬಿಸಿಲು ಕಷ್ಟ. ಏಪ್ರಿಲ್, ಮೇನಲ್ಲಿ 40 ಡಿಗ್ರಿ ದಾಟುತ್ತದೆ, ಇವಕ್ಕೆ 18ರಿಂದ 24 ಹಿತ, 30ರ ಹತ್ತಿರ ಹೋದರೇ ಪ್ರಾಣಕ್ಕೆ ಅಪಾಯ. ತಂಪು ಮಾಡಲಿ ಅಂತ ನೀರಲ್ಲಿ ಅದ್ದುವವರನ್ನು ನೋಡಿದ್ದೇನೆ, ದಯವಿಟ್ಟು ಹಾಗೆ ಮಾಡಬೇಡಿ. ಉದ್ದ ಕೂದಲನ್ನು ಮಾರ್ಚ್‌ನಲ್ಲೇ ಗಿಡ್ಡ ಮಾಡಿ, ನೆಲಕ್ಕೆ ಶಹಾಬಾದ್ ಕಲ್ಲಿನ ತುಂಡು ಇಡಿ, ಬಟ್ಟೆ ಸುತ್ತಿದ ತಣ್ಣೀರ ಬಾಟಲಿ ಪಕ್ಕದಲ್ಲಿ ಇಡಿ. ಅವೇ ಬೇಕಾದಾಗ ಬಂದು ಒರಗುತ್ತವೆ.

ಒಂದು ಪ್ರಶ್ನೆ. ನಮ್ಮದೊಂದು ಬೆನ್ನು ಕೆರೆದು ಕೆರೆದು ಕೂದಲು ಕಿತ್ತುಕೊಂಡಿದೆ. ಬೇವಿನ ಎಣ್ಣೆ ಹಚ್ಚಬಹುದಾ? ಇಲ್ಲ ಅಂದರೆ ಊರಲ್ಲಿ ದನಕ್ಕೆ ಹುಳ, ನುಸಿಗೆ ಅಂತ ಕೊಡುವ ಐವರ್‌ಮೆಕ್ಟಿನ್ ಔಷಧಿ ಇದೆ.

ಕೈಮದ್ದು ಬೇಡ, ಬೆಂಗಳೂರು

ಎರಡೂ ಬೇಡ ಅಣ್ಣ, ದಯವಿಟ್ಟು. ಬೇವಿನ ಎಣ್ಣೆಯನ್ನು ನೆಕ್ಕಿ ನುಂಗುತ್ತದೆ, ಚರ್ಮದ ಒಳಗೆ ಬಿಲ ಕೊರೆದಿರುವ ನುಸಿಗೆ ಅದು ತಲುಪುವುದೂ ಇಲ್ಲ. ನೀವು ಹೇಳಿದ್ದು ಕಜ್ಜಿ ನುಸಿಯ ಹಾಗೇ ಇದೆ. ಅದರ ತುರಿ ಎಷ್ಟು ಜೋರು ಅಂದರೆ ಮುಟ್ಟಿದರೆ ಸಾಕು ಫಿಟ್ಸ್ ಬಂದ ಹಾಗೆ ಒದ್ದಾಡುತ್ತದೆ. ಐವರ್‌ಮೆಕ್ಟಿನ್ ಸರಿಯಾದ ಔಷಧಿಯೇ, ಆದರೆ ದನದ್ದು ನೂರಾರು ಕಿಲೋ ಮೈಗೆ ಲೆಕ್ಕ ಹಾಕಿದ್ದು. ಒಂದು ಕಿಲೋ ತೂಗುವ ಪ್ರಾಣಿಗೆ ಕೈಯಳತೆಯಲ್ಲಿ ಕೊಟ್ಟರೆ ಒಂದೆರಡು ಹನಿ ವ್ಯತ್ಯಾಸಕ್ಕೇ ಜೀವ ಹೋಗಬಹುದು. ಡಾಕ್ಟರು ಗ್ರಾಂ ಲೆಕ್ಕದಲ್ಲಿ ತೂಗಿ ಕೊಡುತ್ತಾರೆ, ಮೊಟ್ಟೆ ಸಾಯುವುದಿಲ್ಲವಾದ್ದರಿಂದ ಕೆಲವು ದಿನ ಬಿಟ್ಟು ಮತ್ತೆ ಕೊಡಬೇಕಾಗುತ್ತದೆ. ಜೊತೆಗಿರುವ ಎಲ್ಲವಕ್ಕೂ ಚಿಕಿತ್ಸೆ ಆಗಬೇಕು, ಹಾಸು ಪೂರ್ತಿ ಬದಲಾಗಬೇಕು.

ಹೇನಾದರೆ ಬೇರೆ ಥರ. ಕಿವಿ ಹಿಂದೆ ಕೂದಲು ಬಿಡಿಸಿದರೆ ಬಿಳಿ ಹುಳ ಓಡುವುದು ಕಣ್ಣಿಗೇ ಕಾಣುತ್ತದೆ. ಆ ಹೇನು ನಮ್ಮ ತಲೆಗೆ ಬರುವುದಿಲ್ಲ, ಹೆದರಬೇಡಿ.

ಬೆಣ್ಣೆದೋಸೆ, ದಾವಣಗೆರೆ

ಕೂದಲು ಒರಟಾಗಿ, ಕಳೆಗುಂದಿದ ಹಾಗೆ ಕಂಡರೆ ಊಟವನ್ನೂ ನೋಡಿ. ಮನುಷ್ಯರ ಹಾಗೇ ಇವಕ್ಕೂ ಸಿ ವಿಟಮಿನ್ ಮೈಯೊಳಗೆ ತಯಾರಾಗುವುದಿಲ್ಲ, ದಿನಾ ಊಟದಲ್ಲೇ ಸಿಗಬೇಕು. ದೊಣ್ಣೆ ಮೆಣಸಿನಕಾಯಿ ಒಂದೆರಡು ಹೋಳು, ಒಂದು ಹಿಡಿ ಕೊತ್ತಂಬರಿ ಕೊಟ್ಟರೆ ಆಯಿತು. ನೀರಿಗೆ ಹಾಕುವ ವಿಟಮಿನ್ ಹನಿ ಬೆಳಕಿಗೆ ಬೇಗ ಕೆಡುತ್ತದೆ, ಅದನ್ನು ನಂಬಬೇಡಿ. ಹುಲ್ಲಂತೂ ದಿನವಿಡೀ ಮುಂದೆ ಇರಬೇಕು. ಇರುವ 20 ಹಲ್ಲೂ ಬೆಳೆಯುತ್ತಲೇ ಇರುತ್ತವೆ, ಅವನ್ನು ಸವೆಸುವುದು ಹುಲ್ಲೇ. ಹಲ್ಲು ನೋಯುವ ಪ್ರಾಣಿ ಜೊಲ್ಲು ಸುರಿಸಿ ಗದ್ದ ಒದ್ದೆ ಮಾಡಿಕೊಳ್ಳುತ್ತದೆ, ಮೈ ಶುಚಿ ಮಾಡಿಕೊಳ್ಳುವುದನ್ನೂ ಬಿಡುತ್ತದೆ.

ತುಂಗಾತೀರ, ಶಿವಮೊಗ್ಗ

ಎಲ್ಲ ಓದಿದೆ, ಮನೆಯಲ್ಲಿ ಜೋರಾಗಿ ಓದಿ ಹೇಳಿದೆ ಕೂಡ, ಅತ್ತೆಯೂ ಕೇಳಿಸಿಕೊಂಡರು. ಹಳೆ ಟವೆಲ್ ಅವರೇ ಹುಡುಕಿ ಕೊಟ್ಟಿದ್ದಾರೆ. ಫ್ಲೀಸ್ ಪೇಟೆಯಲ್ಲಿ ಬಿಡಿ ಬಟ್ಟೆಯಾಗಿ ಸಿಗಲಿಲ್ಲ, ತೆಳುವಾದ ಫ್ಲೀಸ್ ಹೊದಿಕೆ ತಂದು ಕತ್ತರಿಸಿದೆ. ಕಿವಿಯ ಬಗ್ಗೆ ಯಾರೂ ಹೇಳಲಿಲ್ಲ, ಒಳಗೆ ಕಂದು ಬಣ್ಣದ ಕೊಳೆ ಇದೆ. ಮತ್ತೆ ಇಲ್ಲಿ ಇವಕ್ಕೆ ಡಾಕ್ಟರು ಸಿಗುತ್ತಾರಾ?

ಕೈಮದ್ದು ಬೇಡ, ಬೆಂಗಳೂರು

ಕಿವಿಗೆ ಕಾಣುವಷ್ಟು ಭಾಗ ಮಾತ್ರ. ಒದ್ದೆ ಮಾಡಿ ಹಿಂಡಿದ ಹತ್ತಿಯನ್ನು ಬೆರಳಿಗೆ ಸುತ್ತಿ ಮಡಿಕೆಯಲ್ಲಿ ಒರೆಸಿ. ಇಯರ್ ಬಡ್ ಒಳಗೆ ತೂರಿಸಬೇಡಿ, ಎಣ್ಣೆ ಬಿಡಬೇಡಿ. ಕೆಟ್ಟ ವಾಸನೆ ಇದ್ದರೆ, ತಲೆ ಒಂದು ಕಡೆ ವಾಲಿದರೆ ಒಳಗಿವಿಯ ಸೋಂಕು, ಅದು ಮನೆಯಲ್ಲಿ ಆಗುವ ಕೆಲಸ ಅಲ್ಲ.

ಶಿವಮೊಗ್ಗದಲ್ಲೇ ಪಶುವೈದ್ಯಕೀಯ ಕಾಲೇಜು ಇದೆಯಲ್ಲ, ಅಲ್ಲಿ ವಿಚಾರಿಸಿ. ಬೇರೆ ಊರಿನವರಿಗೆ ಹೆಬ್ಬಾಳ, ಹಾಸನ, ಬೀದರ್ ಕಾಲೇಜುಗಳಿವೆ. ಖಾಸಗಿ ಕ್ಲಿನಿಕ್ ಆದರೆ ಹೋಗುವ ಮೊದಲು ಫೋನ್ ಮಾಡಿ, ಗಿನಿ ಪಿಗ್, ಮೊಲ ನೋಡಿ ಅಭ್ಯಾಸ ಇದೆಯಾ ಅಂತ ನೇರವಾಗಿ ಕೇಳಿ. ನಾಯಿ ದನ ಮಾತ್ರ ನೋಡಿದವರಿಗೆ ಇವುಗಳ ವಿಚಾರ ಗೊತ್ತಿರಲೇಬೇಕು ಅಂತಿಲ್ಲ. ಪೆನ್ಸಿಲಿನ್, ಅಮಾಕ್ಸಿಸಿಲಿನ್ ಗುಂಪಿನ ಔಷಧಿ ಬಾಯಿಗೆ ಹಾಕಿದರೆ ಇವುಗಳ ಕರುಳಿನ ಒಳ್ಳೆಯ ಬ್ಯಾಕ್ಟೀರಿಯ ಸತ್ತು ಪ್ರಾಣಿಯೇ ಸಾಯುತ್ತದೆ. ಚೀಟಿಯಲ್ಲಿ ಆ ಹೆಸರು ಕಂಡರೆ ಸಂಕೋಚ ಪಡದೆ ಕೇಳಿ. ಮನೆಯಲ್ಲಿ ಮಕ್ಕಳಿಗೆ ತಂದು ಉಳಿದ ಸಿರಪ್ಪನ್ನಂತೂ ಕೊಡಲೇಬೇಡಿ.

ಗರಿಕೆ, ಮೈಸೂರು

ಅಡುಗೆಮನೆ ತಕ್ಕಡಿ ಇದ್ದರೆ ಪ್ರತಿ ಭಾನುವಾರ ಎರಡನ್ನೂ ತೂಗಿ ಬರೆದಿಡಿ. ದೊಡ್ಡವು ಸಾಮಾನ್ಯವಾಗಿ 700ರಿಂದ 1,200 ಗ್ರಾಂ. ಇವು ಕಾಯಿಲೆಯನ್ನು ಬಚ್ಚಿಡುವ ಪ್ರಾಣಿ, ಮೈ ಮೇಲೆ ಕಾಣುವ ಮೊದಲು ತೂಕದಲ್ಲಿ ಕಾಣುತ್ತದೆ. ತೂಗುವಾಗಲೇ ಉಗುರು, ಅಂಗಾಲು, ಹಲ್ಲು, ಹಿಂಭಾಗ ನೋಡಿಬಿಡಬಹುದು, ಹತ್ತು ನಿಮಿಷದ ಕೆಲಸ. ಫ್ಲೀಸ್ ತುಂಡುಗಳನ್ನು ಎರಡು ಜೊತೆ ಮಾಡಿಟ್ಟುಕೊಳ್ಳಿ, ನಿಮ್ಮ ಮಳೆಗೆ ಒಗೆದದ್ದು ಒಣಗಲು ಎರಡು ದಿನ ಬೇಕಾಗುತ್ತದೆ.